ಬಳ್ಳಾರಿಯಲ್ಲಿ ಮಾಡಿಸಿದ ಬೇಸ್ ಗಿಟಾರ್ ಕ್ಯಾಬಿನೆಟ್: ಮರಗೆಲಸ ಹೇಗಿದೆ, ನಾದ ಹೇಗಿದೆ

ಬೇಸ್ ಗಿಟಾರ್‌ಗೆಂದೇ ಮಾಡಿದ ಸ್ಪೀಕರ್ ಕ್ಯಾಬಿನೆಟ್ ಬೇಕೆಂದರೆ ನಮ್ಮ ಕಡೆ ಆಯ್ಕೆ ಬಹಳ ಕಡಿಮೆ. ಅಂಗಡಿಗಳಲ್ಲಿ ಇರುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಡಿ.ಜೆ.ಗಳಿಗೆ ಮತ್ತು ಕಲ್ಯಾಣ ಮಂಟಪದ ಮೈಕ್ ಸೆಟ್ಟಿಗೆ ಹೊಂದುವಂಥವು. ನಾನು ಈ ಮೊದಲು ಬೇರೆ ಊರಿನಿಂದ ತರಿಸಿದ್ದ ಎಂ.ಡಿ.ಎಫ್. (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಕ್ಯಾಬಿನೆಟ್ ಒಂದು ಮಳೆಗಾಲದಲ್ಲಿಯೇ ಅಂಚುಗಳಲ್ಲಿ ಉಬ್ಬಿ, ಸ್ಕ್ರೂಗಳು ಹಿಡಿತ ಕಳೆದುಕೊಂಡಿದ್ದವು. ಆದ್ದರಿಂದ ಈ ಸಲ 12 ಇಂಚಿನ, 8 ಓಮ್‌ನ ಡ್ರೈವರನ್ನು, ಅಂದರೆ ಸದ್ದು ಹೊರಡಿಸುವ ಸ್ಪೀಕರನ್ನು, ಮಾತ್ರ ಕೊಂಡು, ನಕ್ಷೆಯನ್ನು ನಾನೇ ಬರೆದು, ಕೌಲ್ ಬಜಾರ್ ಕಡೆಯ ಒಂದು ಮರಗೆಲಸದ ಅಂಗಡಿಯಲ್ಲಿ ಪೆಟ್ಟಿಗೆ ಮಾಡಿಸಿದೆ. ಬಾಗಿಲು, ಮಂಚ, ಅಡುಗೆಮನೆಯ ಕಪಾಟು ಮಾಡುವ ಸಾಧಾರಣ ಅಂಗಡಿಯದು. ಬೇಸಿಗೆಯ ಮದುವೆಗಳಿಂದ ಗಣೇಶ ಹಬ್ಬದವರೆಗೆ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಬಳಸಿದ ಮೇಲೆ ಆ ಕೆಲಸದ ಬಗ್ಗೆಯೂ ಪೆಟ್ಟಿಗೆಯ ಬಗ್ಗೆಯೂ ಖಚಿತವಾಗಿ ಹೇಳಬಹುದು ಎನಿಸಿದೆ.

ಕ್ಯಾಬಿನೆಟ್ ಎಂದರೆ ಡ್ರೈವರನ್ನು ಕೂರಿಸುವ ಡಬ್ಬಿ ಎಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವದಲ್ಲಿ ಒಳಗಿನ ಗಾಳಿಯೇ ಡ್ರೈವರ್‌ನ ಅದುರುವ ಭಾಗವಾದ ಕೋನ್‌ಗೆ ಸ್ಪ್ರಿಂಗ್‌ನಂತೆ ಒತ್ತು ಕೊಡುತ್ತದೆ. ಆ ಗಾಳಿಯ ಪ್ರಮಾಣ ಡ್ರೈವರ್‌ನ ಗುಣಕ್ಕೆ ಹೊಂದದಿದ್ದರೆ ಎಷ್ಟೇ ಬೆಲೆಯ ಸ್ಪೀಕರ್ ಹಾಕಿದರೂ ಕೆಳಗಿನ ಸ್ವರಗಳು ಗುಡುಗುತ್ತವೆಯೇ ಹೊರತು ನುಡಿಯುವುದಿಲ್ಲ. ಈ ಹೊಂದಾಣಿಕೆಯ ಗಣಿತವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಒಳ್ಳೆಯ ಡ್ರೈವರ್ ಜೊತೆ ಬರುವ ಮಾಹಿತಿ ಪತ್ರದಲ್ಲಿ ಇಂದಿಗೂ ಇರುವುದು ಅವರಿಬ್ಬರ ಹೆಸರಿನ ಅಂಕಿಗಳೇ. ನನ್ನ ಡ್ರೈವರ್‌ನ ಅಂಕಿಗಳಿಗೆ 60 ಲೀಟರ್ ಗಾಳಿ ಮತ್ತು 45 ಹರ್ಟ್ಜ್‌ನ ಶ್ರುತಿ ಸರಿಹೊಂದಿದವು. ಶ್ರುತಿ ಎಂದರೆ ಪೆಟ್ಟಿಗೆಗೆ ಇಟ್ಟ ಕೊಳವೆಯೊಳಗಿನ ಗಾಳಿ ತಾನೇ ಜೋರಾಗಿ ಅದುರುವ ಆವರ್ತನ. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಇ ಸ್ವರ ಸುಮಾರು 41 ಹರ್ಟ್ಜ್‌ನಲ್ಲಿದೆ ಎಂಬುದನ್ನು ನೆನೆದರೆ ಈ ಶ್ರುತಿ ಏಕೆಂಬುದು ತಿಳಿಯುತ್ತದೆ.

ಪೆಟ್ಟಿಗೆಯ ಒಳ ಅಳತೆ 39, 50 ಮತ್ತು 34 ಸೆಂಟಿಮೀಟರ್. ಅದು ಸುಮಾರು 66 ಲೀಟರ್ ಆಗುತ್ತದೆ. ಡ್ರೈವರ್, ಅಡ್ಡಪಟ್ಟಿ ಮತ್ತು ಕೊಳವೆಗಳು ನುಂಗುವ ಜಾಗವನ್ನು ಕಳೆದರೆ ಬೇಕಾದ 60 ಉಳಿಯುತ್ತದೆ. ಹಲಗೆ 18 ಮಿಲಿಮೀಟರ್ ದಪ್ಪದ ಐ.ಎಸ್. 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈವುಡ್. 8 ಅಡಿಗೆ 4 ಅಡಿಯ ಒಂದು ಹಲಗೆಯಲ್ಲಿ ಅರ್ಧಕ್ಕಿಂತ ಕಡಿಮೆಯೇ ಸಾಕಾಯಿತು.

ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಕಂಡದ್ದು ಜೋಡಣೆಯಲ್ಲಿ. ಕಪಾಟಿನ ಕೆಲಸದಲ್ಲಿ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಸನ್‌ಮೈಕಾ ಅದನ್ನು ಮುಚ್ಚಿಬಿಡುತ್ತದೆ. ಇಲ್ಲಿ ಆ ಸಂದಿನಿಂದಲೇ ಗಾಳಿ ಸೀಟಿ ಹಾಕುತ್ತದೆ, ಸ್ವರದ ಬಲ ಸೋರಿಹೋಗುತ್ತದೆ. ಹಿರಿಯ ಬಡಗಿಗೆ ಇದನ್ನು ವಿವರಿಸಿದಾಗ ಅವರು, "ಹಂಗಂದ್ರ ಇದು ನೀರಿನ ಟಾಂಕಿ ಮಾಡಿದಂಗ ಮಾಡಬೇಕಲ್ರೀ" ಎಂದರು. ಹಾಗೆಯೇ ಮಾಡಿಯೂ ತೋರಿಸಿದರು. ಪ್ರತಿ ಅಂಚಿಗೂ ಫೆವಿಕಾಲ್ ಧಾರಾಳವಾಗಿ ಬಳಿದು, ಕ್ಲಾಂಪ್ ಬಿಗಿದು, ಅಂಟು ಸಾಲಾಗಿ ಹೊರಗೆ ಉಕ್ಕಿದ ಮೇಲೆಯೇ ಸ್ಕ್ರೂ ಹಾಕಿದರು. ಎಲ್ಲಿ ಅಂಟು ಉಕ್ಕಲಿಲ್ಲವೋ ಅಲ್ಲಿ ಬಿಚ್ಚಿ ಮತ್ತೆ ರಂದಾ ಹೊಡೆದರು. ಒಣಗಿದ ನಂತರ ಒಳಮೂಲೆಗಳಿಗೆ ಸಿಲಿಕೋನ್ ಎಳೆದರು. ಎರಡು ಪಕ್ಕದ ಹಲಗೆಗಳನ್ನು ನಡುವಿನಲ್ಲಿ ಒಂದು ಅಡ್ಡಪಟ್ಟಿ ಹಿಡಿದಿರುವುದರಿಂದ ಬೆರಳ ಗೆಣ್ಣಿನಿಂದ ತಟ್ಟಿದರೆ ಪೆಟ್ಟಿಗೆ ಡಬ್ಬಿಯಂತೆ ಬೊಂಯ್ ಎನ್ನದೆ ಗಟ್ಟಿಯಾದ ಸಣ್ಣ ಸದ್ದು ಕೊಡುತ್ತದೆ.

ಶ್ರುತಿ ಕೊಳವೆಗಳಿಗೆ ಪಿ.ವಿ.ಸಿ. ಪೈಪನ್ನೇ ಬಳಸಿದೆವು. ಮಾಡಿಸುವವರು ಇಲ್ಲಿ ಒಂದು ವಿಷಯ ಗಮನಿಸಬೇಕು: ಹಾರ್ಡ್‌ವೇರ್ ಅಂಗಡಿಯಲ್ಲಿ 75 ಮಿಲಿಮೀಟರ್ ಎಂದು ಕೊಡುವ ಪೈಪಿನ ಅಳತೆ ಹೊರವ್ಯಾಸದ್ದು, ಲೆಕ್ಕಕ್ಕೆ ಬೇಕಾದದ್ದು ಒಳವ್ಯಾಸ. ನನ್ನ ಪೈಪಿನ ಒಳವ್ಯಾಸ 71 ಮಿಲಿಮೀಟರ್ ಇತ್ತು. ಅದರಂತೆ ಎರಡು ಕೊಳವೆಗಳಿಗೂ ತಲಾ 14 ಸೆಂಟಿಮೀಟರ್ ಉದ್ದ ಬಂತು. ಹೊರವ್ಯಾಸವನ್ನೇ ಹಿಡಿದಿದ್ದರೆ 16 ಸೆಂಟಿಮೀಟರ್ ಬರುತ್ತಿತ್ತು, ಶ್ರುತಿ ಬೇಕಾದುದಕ್ಕಿಂತ ಕೆಳಗಿಳಿಯುತ್ತಿತ್ತು. ಒಂದೇ ಸಣ್ಣ ಕೊಳವೆ ಇಟ್ಟರೂ ಲೆಕ್ಕ ಕೂಡುತ್ತದೆ, ಆದರೆ ಜೋರಾಗಿ ನುಡಿಸಿದಾಗ ಗಾಳಿ ಅದರೊಳಗೆ ಬುಸುಗುಟ್ಟುತ್ತದೆ.

ಪೆಟ್ಟಿಗೆ ಕೈಗೆ ಬಂದಾಗ ಮೊದಲು ಮೊಬೈಲಿನಿಂದ ಆಂಪ್ಲಿಫೈಯರ್‌ಗೆ ಒಂದೇ ಆವರ್ತನದ ಸ್ವರ ಕೊಟ್ಟು ಪರೀಕ್ಷಿಸಿದೆ. 60 ಹರ್ಟ್ಜ್‌ನಲ್ಲಿ ಕೋನ್ ಕಣ್ಣಿಗೆ ಕಾಣುವಂತೆ ಅದುರುತ್ತಿತ್ತು. ಇಳಿಸುತ್ತ 45ರ ಹತ್ತಿರ ಬಂದಾಗ ಕೋನ್ ಬಹುತೇಕ ನಿಂತೇಬಿಟ್ಟಿತು, ಕೊಳವೆಯ ಮುಂದೆ ಹಿಡಿದ ಅಂಗೈಗೆ ಗಾಳಿ ಬಡಿಯತೊಡಗಿತು. ಶ್ರುತಿ ಸರಿಯಾಗಿ ಕೂತಿದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅನಂತರ ಹೊತ್ತಿಸಿದ ಊದಿನಕಡ್ಡಿಯನ್ನು ಎಲ್ಲ ಅಂಚುಗಳ ಉದ್ದಕ್ಕೂ ಹಿಡಿದು ನೋಡಿದೆ. ಕೇಬಲ್ ಸಿಕ್ಕಿಸುವ ಜಾಕ್ ಕೂರಿಸಿದ ತಟ್ಟೆಯ ಬಳಿ ಮಾತ್ರ ಹೊಗೆ ನಡುಗಿತು. ಅಂಗಡಿಯವರು ಮರುಮಾತಿಲ್ಲದೆ ತಟ್ಟೆ ಬಿಚ್ಚಿ, ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಇಟ್ಟು, ಮತ್ತೆ ಬಿಗಿದುಕೊಟ್ಟರು.

ನಾದದ ಬಗ್ಗೆ ಹೇಳುವುದಾದರೆ, ಎ ಮತ್ತು ಡಿ ತಂತಿಗಳಲ್ಲಿ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಢೋಲಕ್ ಮತ್ತು ಪ್ಯಾಡ್ ಒಟ್ಟಿಗೆ ನುಡಿಯುವಾಗಲೂ ಬೇಸ್ ಎಲ್ಲಿದೆ ಎಂದು ಗಾಯಕರು ಹುಡುಕಬೇಕಾಗಿಲ್ಲ. ಆರ್ಕೆಸ್ಟ್ರಾದಲ್ಲಿ ನನಗೆ ಬೇಕಾದದ್ದು ಅದೇ. ತೆರೆದ ಇ ತಂತಿ ಎದೆಗೆ ತಾಕುವಷ್ಟಿದೆ, ಆದರೆ ಅದನ್ನು ಮನೆಯ ಕೋಣೆಯಲ್ಲಿ ಅಳೆಯಬಾರದು. ಆ ಸ್ವರದ ಅಲೆಯ ಉದ್ದವೇ 8 ಮೀಟರಿಗೂ ಹೆಚ್ಚಿರುವುದರಿಂದ ಸಣ್ಣ ಕೋಣೆಯ ಒಂದು ಮೂಲೆಯಲ್ಲಿ ಅದು ಅತಿಯಾಗಿ, ನಡುವಿನಲ್ಲಿ ಇಲ್ಲವೇ ಇಲ್ಲ ಎಂಬಂತೆ ಕೇಳುತ್ತದೆ. ಐದು ತಂತಿಯ ಬೇಸ್ ಇರುವವರಿಗೆ ಈ ಅಳತೆಯನ್ನು ನಾನು ಸೂಚಿಸಲಾರೆ: ಕೆಳಗಿನ ಬಿ ಸುಮಾರು 31 ಹರ್ಟ್ಜ್, ಶ್ರುತಿಗಿಂತ ಅಷ್ಟು ಕೆಳಗೆ ಕೋನ್‌ಗೆ ಗಾಳಿಯ ಒತ್ತು ಸಿಗದೆ ಅದು ಮಿತಿಮೀರಿ ಆಡುತ್ತದೆ. ಅಂಥವರು ಅತಿ ಕೆಳಗಿನ ಆವರ್ತನಗಳನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಇಲ್ಲದೆ ಇದನ್ನು ಬಳಸದಿರುವುದು ಒಳ್ಳೆಯದು.

ಹೊರಗಿನ ಅಂದದಲ್ಲಿ ಅಂಗಡಿಯ ಕೆಲಸ ಸಾಧಾರಣ. ಕಪ್ಪು ಬಣ್ಣ ಒಂದೇ ದಪ್ಪದಲ್ಲಿ ಕೂತಿಲ್ಲ. ಹಿಡಿಕೆಗಳು ಬಾಗಿಲಿನವು, 20 ಕಿಲೋ ಆಸುಪಾಸಿನ ಭಾರವನ್ನು ಮೆಟ್ಟಿಲು ಹತ್ತಿಸುವಾಗ ಬೆರಳಿಗೆ ಒತ್ತುತ್ತವೆ. ಮುಂದಿನ ಜಾಲರಿಗೆ ತೆಳುವಾದ ಬಟ್ಟೆ ಸೇರಿಸಿಕೊಡಿ ಎಂದು ಮೊದಲೇ ಕೇಳುವುದು ಒಳಿತು, ಏಕೆಂದರೆ ನಮ್ಮೂರಿನ ಕೆಂಪು ಧೂಳು ಬರಿಯ ಜಾಲರಿಯನ್ನು ದಾಟಿ ಕೋನ್ ಮೇಲೆ ಕೂರುತ್ತದೆ. ಡ್ರೈವರ್ ಬಿಟ್ಟು ಹಲಗೆ, ಮಜೂರಿ, ಜಾಕ್, ಬಣ್ಣ ಎಲ್ಲ ಸೇರಿ ಏಳು ಸಾವಿರ ರೂಪಾಯಿಯೊಳಗೆ ಮುಗಿಯಿತು. ಒಪ್ಪಿದ ದಿನಕ್ಕಿಂತ ಕೆಲಸ ತಡವಾಯಿತು. ಮದುವೆ ಕಾಲಕ್ಕೆ ಬೇಕಾದವರು ಸಂಕ್ರಾಂತಿಯ ಹೊತ್ತಿಗೇ ನಕ್ಷೆ ಕೊಟ್ಟಿರಬೇಕು. ನಕ್ಷೆಯಲ್ಲಿ ಒಳ ಅಳತೆ, ಹೊರ ಅಳತೆ ಎರಡನ್ನೂ ಬೇರೆ ಬೇರೆಯಾಗಿ, ಇಂಚಿನಲ್ಲಿಯೂ ಬರೆದುಕೊಟ್ಟರೆ ಅವರಿಗೆ ಕೆಲಸ ಸುಲಭ. ಉಳಿದ ಹಲಗೆಯನ್ನು ಅವರು ಜೋಪಾನವಾಗಿ ಎತ್ತಿಟ್ಟಿದ್ದಾರೆ. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ನನ್ನ ಆಂಪ್ಲಿಫೈಯರ್ ಅಷ್ಟರವರೆಗೆ ತಾಳುವುದರಿಂದ ಇಂಥದೇ ಇನ್ನೊಂದು 8 ಓಮ್‌ನ ಪೆಟ್ಟಿಗೆಯನ್ನು ಅದರಲ್ಲಿಯೇ ಮಾಡಿಕೊಡಲು ಹೇಳಿ ಮುಂಗಡ ಕೊಟ್ಟಿದ್ದೇನೆ.