ಯಾವ ಕ್ಲಬ್ ಸೇರಬೇಕು?

ಮೊದಲು ಇದನ್ನು ಕೇಳಿಕೊಳ್ಳಿ: ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ?

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್‌ಗಳು ಜಾಸ್ತಿ ಹೊತ್ತು ಕೇಳುತ್ತವೆ. ರೋಟರಿ 1905ರಲ್ಲಿ ಶಿಕಾಗೊದಲ್ಲಿ ಶುರುವಾಯಿತು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ, ಅಂದರೆ ‘ರೊಟೇಶನ್’ನಲ್ಲಿ, ಸೇರುತ್ತಿದ್ದರು, ಹೆಸರು ಬಂದದ್ದೂ ಅದರಿಂದಲೇ. ಸಭೆಯ ಜೊತೆಗೆ ಶಿಬಿರ, ಹಣ ಸಂಗ್ರಹ, ಓಡಾಟ ಎಲ್ಲ ಇರುತ್ತದೆ. ಕೂಡಿ ದುಡಿದವರ ಸ್ನೇಹ ಗಟ್ಟಿ.

ಭಾಷಣ ಕಲಿಯುವವರ ಕ್ಲಬ್ ಟೋಸ್ಟ್‌ಮಾಸ್ಟರ್ಸ್ ಬೇರೆ ತರಹ. ಅಲ್ಲಿ ತಿದ್ದಿಕೊಳ್ಳುವುದು ನಿಮ್ಮ ಮಾತನ್ನು. 5ರಿಂದ 7 ನಿಮಿಷದ ಭಾಷಣ. ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಎಷ್ಟು ಸಲ ‘ಆಂ’, ‘ಅಂದ್ರೆ’ ಅಂದಿರಿ ಅಂತ ಎಣಿಸಲಿಕ್ಕೇ ಒಬ್ಬರು ಕೂತಿರುತ್ತಾರೆ. ಮೊದಲ ದಿನ ಕೈ ನಡುಗುತ್ತದೆ, ಅಲ್ವಾ? ಆದರೂ ನಾಚಿಕೆ ಸ್ವಭಾವದವರಿಗೆ ನಾನು ಹೇಳುವುದು ಇದನ್ನೇ. ಮಾತಾಡುವ ಸರದಿ ತಾನಾಗಿ ಬರುತ್ತದೆ, ಸಂದರ್ಭ ಹುಡುಕಬೇಕಿಲ್ಲ.

ಚೆಸ್ ಕ್ಲಬ್‌ನಲ್ಲಿ ಮಾತು ಆಮೇಲೆ. ಸುಮ್ನೆ ಬೋರ್ಡ್ ಎದುರು ಕೂತರೆ ಸಾಕು. ಆಟ ಮುಗಿದ ಮೇಲೆ ಇಬ್ಬರೂ ಕಾಯಿಗಳನ್ನು ಹಿಂದಕ್ಕಿಟ್ಟು, ಎಲ್ಲಿ ತಪ್ಪಿತು ಅಂತ ನೋಡುತ್ತಾರೆ. ಪರಿಚಯ ಬೆಳೆಯುವುದು ಅಲ್ಲೇ.

ನಡಿಗೆಯ ಗುಂಪು ಇನ್ನೂ ಸಲೀಸು. ಒಂದು ವಾರ ತಪ್ಪಿಸಿದರೂ ತೊಂದರೆಯಿಲ್ಲ.

ಹಣ ಕಟ್ಟುವ ಮೊದಲು ಅತಿಥಿಯಾಗಿ ಎರಡು ಸಲ ಹೋಗಿ ಬನ್ನಿ. ಹೊಸಬರ ಪಕ್ಕ ಯಾರಾದರೂ ಬಂದು ಕೂರುತ್ತಾರಾ ನೋಡಿ.