ಮಲೆನಾಡಿನ ಕುಟುಂಬಕ್ಕೆ ಇಟಲಿಯಲ್ಲಿ ಬಾಡಿಗೆ ವ್ಯಾನ್ ಸರಿಹೋಗುತ್ತಾ?

ಸರಿಹೋಗುತ್ತದೆ. ಎಂಟು ಜನ ಒಟ್ಟಿಗೆ ಹೋಗುವುದಾದರೆ ಅದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣಲಿಲ್ಲ. ಆದರೆ ಬಾಡಿಗೆ ಕಂಪನಿಯವರ ಕೌಂಟರ್ ಮುಂದೆ ನಿಲ್ಲುವ ಮೊದಲು ಕೆಲವು ವಿಷಯ ಗೊತ್ತಿರಬೇಕು. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಬಹಳ ಜನ ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಅಡಿಕೆ ಕೊಯ್ಲು ಶುರುವಾಗುವ ಮೊದಲು. ನಾನು, ಹೆಂಡತಿ, ಮಗಳು, ಸಾಗರದ ಚಿಕ್ಕಪ್ಪ ಚಿಕ್ಕಮ್ಮ, ಭಾವ, ಕಾಲೇಜಿನ ಗೆಳೆಯ ಮತ್ತೆ ಅವನ ಹೆಂಡತಿ. ರೋಮ್ ಏರ್‌ಪೋರ್ಟ್‌ನಲ್ಲಿ ಗಾಡಿ ತಗೊಂಡು ಟಸ್ಕನಿ, ಫ್ಲಾರೆನ್ಸ್, ಲಾ ಸ್ಪೆಜಿಯಾ, ಜಿನೋವಾ ದಾಟಿ ಫ್ರಾನ್ಸಿನ ನೀಸ್ ನೋಡಿ, ಕೊನೆಗೆ ಮಿಲಾನ್‌ನಲ್ಲಿ ಗಾಡಿ ಬಿಟ್ಟೆವು. ಒಂದು ದೇಶದಲ್ಲಿ ಹಿಡಿದು ಇನ್ನೊಂದು ದೇಶದಲ್ಲಿ ಬಿಟ್ಟರೆ ಚಾರ್ಜ್ ತುಂಬಾ ಜಾಸ್ತಿ, ಹಾಗಾಗಿ ಇಟಲಿಯಲ್ಲೇ ಶುರು ಮಾಡಿ ಇಟಲಿಯಲ್ಲೇ ಮುಗಿಸಿದ್ದು. ಗಾಡಿ ಫ್ರಾನ್ಸಿಗೂ ಹೋಗುತ್ತದೆ ಅಂತ ಬುಕ್ ಮಾಡುವಾಗಲೇ ಹೇಳಿ, ಅಗ್ರಿಮೆಂಟ್‌ನಲ್ಲಿ ಬರೆಸಿಕೊಳ್ಳಿ.

ನಮ್ಮ ಟಿಟಿಯಷ್ಟು ದೊಡ್ಡ ಗಾಡಿ ಬೇಕು ಅಂದರೆ ಅಲ್ಲಿ ಬೇರೆ ಲೈಸೆನ್ಸ್ ಬೇಕು. ಡ್ರೈವರ್ ಸೇರಿ ಒಂಬತ್ತು ಸೀಟಿನವರೆಗೆ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲೇಬೇಕು. ಅದನ್ನು ನಮ್ಮ ಆರ್‌ಟಿಒದಲ್ಲೇ ಕೊಡುತ್ತಾರೆ, ಫೀಸು 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಊರಿನ ಒರಿಜಿನಲ್ ಲೈಸೆನ್ಸ್ ಕೂಡ ಕೈಯಲ್ಲಿರಲಿ. ಓಡಿಸುವ ಇಬ್ಬರೂ ಮಾಡಿಸಿಕೊಳ್ಳಿ, ಯಾಕಂದರೆ ಒಬ್ಬರೇ ಓಡಿಸಿದರೆ ಅವರಿಗೆ ಪ್ರವಾಸವೇ ಆಗುವುದಿಲ್ಲ.

ಈಗ ಕೌಂಟರ್ ಕಥೆ. ಆನ್‌ಲೈನ್‌ನಲ್ಲಿ ಕಾಣುವ ಬಾಡಿಗೆ ನೋಡಿ ಖುಷಿಪಡಬೇಡಿ. ಅಲ್ಲಿ ನಿಂತ ಮೇಲೆ ಫುಲ್ ಇನ್ಶೂರೆನ್ಸ್ ತಗೊಳ್ಳಿ, ಇಲ್ಲದಿದ್ದರೆ ಗೀರು ಬಿದ್ದರೂ ನಿಮ್ಮದೇ ಜವಾಬ್ದಾರಿ ಅಂತ ಒತ್ತಾಯ ಮಾಡುತ್ತಾರೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವರಿಗೆ, ಹಿಂದೆ ಲಗೇಜ್ ಹಿಡಿದು ನಿಂತ ಚಿಕ್ಕಮ್ಮನನ್ನು ನೋಡುತ್ತಾ, ಸಣ್ಣ ಅಕ್ಷರದ ಕಾಗದ ಓದುವ ತಾಳ್ಮೆ ಎಲ್ಲಿಂದ ಬರಬೇಕು? ಈ ಒತ್ತಾಯ ನನಗೆ ಒಂದು ಚೂರೂ ಇಷ್ಟವಾಗಲಿಲ್ಲ. ಡೆಪಾಸಿಟ್‌ಗೆ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳಿದರು, ಡೆಬಿಟ್ ಕಾರ್ಡ್ ನಡೆಯಲಿಲ್ಲ. ಎರಡನೇ ಡ್ರೈವರ್‌ಗೆ ಬೇರೆ ದುಡ್ಡು. ಇದನ್ನೆಲ್ಲ ಸೇರಿಸಿಯೇ ಬಜೆಟ್ ಹಾಕಿ.

ಇನ್ನೊಂದು ಕೊರತೆ ಲಗೇಜ್ ಜಾಗ. ಒಂಬತ್ತು ಸೀಟಿನ ವ್ಯಾನ್‌ನಲ್ಲೂ ಗಿಡ್ಡದು, ಉದ್ದದ್ದು ಅಂತ ಇವೆ. ಗಿಡ್ಡದರಲ್ಲಿ ಎಲ್ಲ ಸೀಟೂ ತುಂಬಿದರೆ ಹಿಂದೆ ದೊಡ್ಡ ಸೂಟ್‌ಕೇಸ್‌ಗೆ ಜಾಗವೇ ಇರುವುದಿಲ್ಲ. ನಮಗೆ ಮೊದಲು ತಂದು ನಿಲ್ಲಿಸಿದ್ದು ಅಂಥದ್ದೇ. ಬುಕಿಂಗ್‌ನಲ್ಲಿ ಉದ್ದದ ಮಾಡೆಲ್ ಅಂತ ಬರೆದಿದ್ದನ್ನು ತೋರಿಸಿ, ಪಟ್ಟುಹಿಡಿದು ಬದಲಾಯಿಸಿಕೊಂಡೆವು.

ಗಾಡಿ ಮಾತ್ರ ಚೆನ್ನಾಗಿತ್ತು. ಡೀಸೆಲ್, ಮ್ಯಾನುವಲ್ ಗೇರ್, ಎಸಿ ಕೊನೆಯ ಸಾಲಿನವರೆಗೂ ತಣ್ಣಗೆ. ಸ್ಟೀರಿಂಗ್ ಎಡಗಡೆ, ಗೇರ್ ಹಾಕುವುದು ಬಲಗೈಯಲ್ಲಿ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲೂ ಓಡಿಸುವ ಭಾವನಿಗೆ ತಿರುವು ಕಷ್ಟವಾಗಲಿಲ್ಲ, ಕಷ್ಟವಾಗಿದ್ದು ಸರ್ಕಲ್‌ಗಳಲ್ಲಿ ಬಲಗಡೆಯಿಂದ ಸುತ್ತುವುದು. ಅದಕ್ಕೇ ಮೊದಲ ದಿನ ರೋಮ್ ಒಳಗೆ ಹೋಗದೆ ಸೀದಾ ಹಳ್ಳಿ ಕಡೆ ಹೊರಡಿ. ಹೆದ್ದಾರಿಯಲ್ಲಿ ಮಿತಿ 130 ಕಿಲೋಮೀಟರ್, ಮಳೆ ಬಂದರೆ 110. ಟೋಲ್‌ನಲ್ಲಿ ಒಳಗೆ ಹೋಗುವಾಗ ಚೀಟಿ ತಗೊಂಡು, ಹೊರಗೆ ಬರುವಾಗ ದುಡ್ಡು ಕೊಡಬೇಕು. ಹಳದಿ ಬಣ್ಣದ ಟೆಲಿಪಾಸ್ ಲೇನ್ ಕಡೆ ಮಾತ್ರ ಹೋಗಲೇಬೇಡಿ, ಅದು ಗಾಡಿಯಲ್ಲಿ ನಮ್ಮ ಫಾಸ್ಟ್ಯಾಗ್ ಥರ ತಾನಾಗಿಯೇ ಟೋಲ್ ಕಟ್ಟುವ ಯಂತ್ರ ಇರುವವರಿಗೆ. ಪೆಟ್ರೋಲ್ ಬಂಕ್‌ನಲ್ಲಿ 'ಸೆರ್ವಿಟೊ' ಅಂತ ಬರೆದಿದ್ದರೆ ಅವರೇ ತುಂಬಿಕೊಡುತ್ತಾರೆ, ದರ ಜಾಸ್ತಿ. 'ಸೆಲ್ಫ್' ಕಡೆ ನಿಲ್ಲಿಸಿ. ಡೀಸೆಲ್‌ಗೆ ಅಲ್ಲಿ 'ಗಸೋಲಿಯೊ' ಅನ್ನುತ್ತಾರೆ.

ಹಳೆಯ ಊರುಗಳ ಒಳಗೆ ಝಡ್‌ಟಿಎಲ್ ಅಂತ ಒಂದು ವಲಯ ಇರುತ್ತದೆ, ಪರವಾನಗಿ ಇಲ್ಲದ ಗಾಡಿ ಹೋಗುವಂತಿಲ್ಲ. ಪೊಲೀಸರು ತಡೆಯುವುದಿಲ್ಲ, ಕ್ಯಾಮೆರಾ ಸುಮ್ನೆ ನಂಬರ್ ಪ್ಲೇಟ್ ಹಿಡಿದುಕೊಳ್ಳುತ್ತದೆ, ದಂಡದ ಕಾಗದ ತಿಂಗಳುಗಟ್ಟಲೆ ಆದಮೇಲೂ ಮನೆಗೆ ಬರಬಹುದು, ಜೊತೆಗೆ ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯೂ ಕಾರ್ಡ್‌ನಿಂದ ಬೇರೆ ದುಡ್ಡು ಎಳೆಯುತ್ತದೆ. ಫ್ಲಾರೆನ್ಸ್‌ಗೆ ಹೋಗುವವರು ಎ1 ಹೆದ್ದಾರಿಗೆ ಅಂಟಿಕೊಂಡೇ ಇರುವ ವಿಲ್ಲಾ ಕೊಸ್ಟಾಂಜಾ ಪಾರ್ಕಿಂಗ್‌ನಲ್ಲಿ ಗಾಡಿ ಬಿಟ್ಟು ಟ್ರಾಮ್ ಹತ್ತಿ, ಊರಿನ ಮಧ್ಯಕ್ಕೇ ಇಳಿಸುತ್ತದೆ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೂ ಲಾ ಸ್ಪೆಜಿಯಾದಲ್ಲಿ ಗಾಡಿ ನಿಲ್ಲಿಸಿ ರೈಲಿನಲ್ಲೇ ಹೋಗುವುದು ಒಳ್ಳೆಯದು.

ಜಿನೋವಾದಿಂದ ನೀಸ್ ಕಡೆಗಿನ ರಸ್ತೆ ಇದೆಯಲ್ಲ, ಅದೊಂದಕ್ಕಾಗಿಯೇ ವ್ಯಾನ್ ಮಾಡಬಹುದು. ಒಂದು ಸುರಂಗ, ಒಂದು ಎತ್ತರದ ಸೇತುವೆ, ಮತ್ತೆ ಸುರಂಗ. ಹೊರಗೆ ಬಂದಾಗಲೆಲ್ಲ ಎಡಗಡೆ ಕೆಳಗೆ ನೀಲಿ ಸಮುದ್ರ, ಬಲಗಡೆ ಗುಡ್ಡ. ಗಾಡಿಯೊಳಗೆ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ಎರಡು ಕಾರು ಮಾಡಿದ್ದರೆ ಈ ಖುಷಿ ಅರ್ಧ ಅರ್ಧ ಹಂಚಿಹೋಗುತ್ತಿತ್ತು ಅಲ್ವಾ? ವಾಪಸ್ ಮಿಲಾನ್‌ಗೆ ಹೋಗುವಾಗ ಪಾವಿಯಾ ಸುತ್ತ ಬಯಲು ತುಂಬಾ ಭತ್ತದ ಗದ್ದೆ. ಯುರೋಪಿಯನ್ ಒಕ್ಕೂಟದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ ಅಂತ ಚಿಕ್ಕಪ್ಪನಿಗೆ ಹೇಳಿದ್ದೆ, ನಂಬಿರಲಿಲ್ಲ. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿಸಿದೆವು. ಅವರು ಗದ್ದೆ ಬದುವಿನ ಹತ್ತಿರ ನಿಂತು ತೆನೆ ನೋಡಿದರು, ನೀರು ಎಲ್ಲಿಂದ ಬರುತ್ತದೆ ಅಂತ ಕಾಲುವೆ ಹುಡುಕಿದರು, ಹೊರಡೋಣ ಅಂದರೂ ಬರಲೊಲ್ಲರು. ಪ್ಯಾಕೇಜ್ ಟೂರ್ ಬಸ್ಸು ಇಂಥ ಕಡೆ ನಿಲ್ಲುತ್ತದಾ?

ಊಟದ ಬಗ್ಗೆ ಭಯ ಬೇಡ. ಹಾಲು, ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ, ಹಾಗಾಗಿ ತುಪ್ಪ, ಪೇಡಾ ಮನೆಯಲ್ಲೇ ಇರಲಿ. ಅವಲಕ್ಕಿ, ಚಟ್ನಿಪುಡಿ ನಮ್ಮ ಜೊತೆ ಬಂದವು. ನೀಸ್‌ನಲ್ಲಿ ಸೊಕ್ಕಾ ತಿನ್ನಿ, ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ದೊಡ್ಡ ತಟ್ಟೆಯಲ್ಲಿ ಹರಡಿ ಸೌದೆ ಒಲೆಯಲ್ಲಿ ಬೇಯಿಸುವುದು. ಚಿಕ್ಕಮ್ಮ ಎರಡನೇ ಸಲ ಹಾಕಿಸಿಕೊಂಡರು. ಮಧ್ಯಾಹ್ನದ ಊಟದ ಹೊತ್ತು ಮೀರಿದರೆ ಬಹಳ ಹೋಟೆಲ್ ಬಾಗಿಲು ಹಾಕಿರುತ್ತವೆ, ಅದೊಂದು ನೆನಪಿರಲಿ.

ಗಾಡಿ ವಾಪಸ್ ಕೊಟ್ಟು ಊರಿಗೆ ಬಂದ ಮೇಲೆ ಕಂಪನಿಯಿಂದ ಒಂದು ಇಮೇಲ್ ಬಂತು, ಹಿಂದಿನ ಬಂಪರ್ ಮೇಲೆ ಗೀರು ಇದೆ, ದುಡ್ಡು ಕಡಿತ ಮಾಡುತ್ತೇವೆ ಅಂತ. ಗಾಡಿ ತಗೊಳ್ಳುವಾಗ ಭಾವ ಸುತ್ತಲೂ ವಿಡಿಯೋ ಮಾಡಿದ್ದ, ಆ ಗೀರು ಅದರಲ್ಲಿ ಸ್ಪಷ್ಟವಾಗಿತ್ತು. ಕಳಿಸಿದೆವು. ಕ್ಷಮೆ ಕೇಳಲಿಲ್ಲ, ಕಡಿತ ಮಾತ್ರ ಕೈಬಿಟ್ಟರು.

ಹಾಗಾಗಿ ಗಾಡಿಗೆ ಐದಕ್ಕೆ ಐದು, ಕೌಂಟರ್ ಸೇವೆಗೆ ಎರಡು. ನಾಲ್ಕೈದು ಜನ ಮಾತ್ರ ಇದ್ದು ದೊಡ್ಡ ಊರುಗಳನ್ನಷ್ಟೇ ನೋಡುವುದಾದರೆ ರೈಲು ಸಾಕು, ಪಾರ್ಕಿಂಗ್ ತಲೆನೋವು ಯಾಕೆ. ಆರು ಜನಕ್ಕಿಂತ ಜಾಸ್ತಿ, ಜೊತೆಗೆ ವಯಸ್ಸಾದವರಿದ್ದರೆ ವ್ಯಾನನ್ನೇ ಮಾಡಿ, ಉದ್ದದ್ದೇ ಕೇಳಿ.