ಮೆರಿನೋ ಅಂತ ಮಾರಿದ್ದು ಅಕ್ರಿಲಿಕ್: ಮಕ್ಕಳಿಗೆ ಸ್ವೆಟರ್ ಹೆಣೆಯುವವರು ದಯವಿಟ್ಟು ಓದಿ

ಆನ್‌ಲೈನ್‌ನಲ್ಲಿ ದಾರದ ಬಿಡಿ ಲಚ್ಚಿ ಕೊಂಡು ಮಕ್ಕಳಿಗೆ ಸ್ವೆಟರ್, ಟೊಪ್ಪಿ ಹೆಣೆಯುವವರು ಸ್ವಲ್ಪ ಹುಷಾರಾಗಿರಿ. ನನಗೆ ಆದದ್ದು ನಿಮಗೆ ಆಗುವುದು ಬೇಡ. ಮೆರಿನೋ ಅಂದರೆ ಕುರಿಯ ನಯವಾದ ಉಣ್ಣೆ; ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ.

ತೀರ್ಥಹಳ್ಳಿ ಕಡೆ ಇರುವ ತಂಗಿಯ ಮಗಳಿಗೆ ಕೆಂಪು, ಹಳದಿ, ಗಿಳಿಹಸಿರು ಪಟ್ಟೆಯ ಸ್ವೆಟರ್ ಹೆಣೆಯಲು ದಾರ ಹುಡುಕುತ್ತಿದ್ದೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಮಾರುತ್ತಿದ್ದರು. "ಅಕ್ರಿಲಿಕ್ ಮಿಕ್ಸ್ ಇದೆಯಾ?" ಅಂತ ಕೇಳಿದೆ. "ಇಲ್ಲ ಮೇಡಂ, ನೂರಕ್ಕೆ ನೂರು ಮೆರಿನೋ" ಅಂತ ಬರೆದು ಕಳಿಸಿದರು. ಬೆಲೆಯೂ ಮೆರಿನೋದ್ದೇ. ಬಂದ ಲಚ್ಚಿಗಳ ಮೇಲೆ ಯಾವ ನೂಲು ಅಂತ ತಿಳಿಸುವ ಕಾಗದದ ಪಟ್ಟಿಯೇ ಇರಲಿಲ್ಲ. ಕೇಳಿದ್ದಕ್ಕೆ, ಮನೆಯಲ್ಲೇ ಬಣ್ಣ ಹಾಕಿದ್ದು, ಪಟ್ಟಿ ಇರುವುದಿಲ್ಲ ಅಂದರು.

ಚಳಿಗಾಲ. ಮಗು ಆ ಸ್ವೆಟರ್ ಹಾಕಿಕೊಂಡು ಬಚ್ಚಲ ಒಲೆ ಮುಂದೆ ಕೂತಿತ್ತು. ಕಿಡಿಯೊಂದು ಹಾರಿ ತೋಳಿನ ಮೇಲೆ ಬಿತ್ತು. ತಂಗಿ ಪಕ್ಕದಲ್ಲೇ ಇದ್ದಳು, ತಕ್ಷಣ ಬಿಚ್ಚಿ ಹಾಕಿದಳು. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ತೂತು ನೋಡಿ ನನ್ನ ಎದೆ ಧಸಕ್ಕೆಂದಿತು. ದಾರ ಕರಗಿ, ಅಂಚೆಲ್ಲ ಕಪ್ಪು ಹರಳಿನ ಹಾಗೆ ಗಟ್ಟಿಯಾಗಿತ್ತು. ಮುಟ್ಟಿದರೆ ಬೆರಳಿಗೆ ಚುಚ್ಚುತ್ತಿತ್ತು.

ಉಣ್ಣೆ ಹೀಗೆ ಕರಗುವುದಿಲ್ಲ. ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ದೂರ ಮಾಡಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಉಳಿದ ಕರಿ ತಿಕ್ಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಉರಿಯುತ್ತಾ ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಳಿದಿದ್ದ ಮೂರೂ ಬಣ್ಣದ ದಾರ ಸುಟ್ಟು ನೋಡಿದೆ. ಮೂರೂ ಕರಗಿದವು.

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಗ್ಗ, ಒಗೆಯುವುದು ಸುಲಭ, ಬಣ್ಣವೂ ಜಾಸ್ತಿ ಸಿಗುತ್ತವೆ. ಪರ್ಸು, ಬಾಗಿಲ ತೋರಣಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಮಗುವಿನ ಮೈಮೇಲೆ ಹಾಕುವುದರಲ್ಲಿ ಸುಳ್ಳು ಹೇಳಬಾರದು ಅಲ್ವಾ?

ಮಾರಿದವರಿಗೆ ಫೋಟೋ ಕಳಿಸಿ ಕೇಳಿದರೆ "ಬಳಸಿದ ದಾರಕ್ಕೆ ದುಡ್ಡು ವಾಪಸ್ ಇಲ್ಲ" ಅಂದರು. ಆಮೇಲೆ ಬ್ಲಾಕ್ ಮಾಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಮೆಸೇಜು, ದುಡ್ಡು ಕಳಿಸಿದ ರಸೀದಿ ಎರಡೂ ಇಟ್ಟುಕೊಂಡಿದ್ದೆ, ಅದು ಉಪಯೋಗಕ್ಕೆ ಬಂತು.

ನೀವು ಕೊಳ್ಳುವಾಗ ಬಿಲ್ಲಿನಲ್ಲೇ ಯಾವ ನೂಲು, ಎಷ್ಟು ಪಾಲು ಅಂತ ಬರೆಸಿಕೊಳ್ಳಿ. ಹೆಣಿಗೆ ಶುರು ಮಾಡುವ ಮೊದಲೇ ಪ್ರತಿ ಬಣ್ಣದಿಂದ ಬೆರಳುದ್ದ ತುಂಡು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಪಕ್ಕದಲ್ಲಿ ನೀರಿರಲಿ. ಕೂದಲಿನ ವಾಸನೆಯೂ ಬಂದು ಗಟ್ಟಿ ಹರಳೂ ಉಳಿದರೆ ಅದು ಮಿಕ್ಸ್. ಪಟ್ಟಿ ಇಲ್ಲದ ದಾರದಲ್ಲಿ ಈಗಾಗಲೇ ಹೆಣೆದು ಕೊಟ್ಟಿದ್ದರೆ, ಆ ಮನೆಯವರಿಗೆ ಇವತ್ತೇ ಒಂದು ಫೋನ್ ಮಾಡಿ, ಒಲೆ, ದೀಪದ ಹತ್ತಿರ ಮಗುವಿಗೆ ಅದನ್ನು ಹಾಕಬೇಡಿ ಅಂತ ತಿಳಿಸಿ.